ಗಿಡಕ್ಕೆ ಬಾಯಾರಿದಾಗ

(ಪದವಿ ಪ್ರದಾನ ಸಮಾರಂಭದಲ್ಲಿ ಹಿರಿಯ ತರಗತಿಯ ವಿದ್ಯಾರ್ಥಿನಿ ಮಾಡಿದ ಭಾಷಣ)



ವೇದಿಕೆಯ ಮೇಲಿರುವ ಗುರುಗಳೇ, ಪ್ರತಿ ಶನಿವಾರ ಬೆಳಿಗ್ಗೆ ನಮ್ಮನ್ನು ಹಾಸಿಗೆಯಿಂದ ಎಬ್ಬಿಸಿ ಇಲ್ಲಿಗೆ ಕರೆತಂದ ಅಪ್ಪ ಅಮ್ಮಂದಿರೇ, ಅಜ್ಜ ಅಜ್ಜಿಯರೇ, ನನ್ನ ಸಹಪಾಠಿಗಳೇ,

ಕೊನೆಯ ವರ್ಷದ ಭಾಷಣಕ್ಕೆ ವಿಷಯವನ್ನು ನಾವೇ ಆರಿಸಿಕೊಳ್ಳಬಹುದು ಎಂದು ಮಿಸ್ ಹೇಳಿದಾಗ ನನ್ನ ಗೆಳತಿಯರು ಯುಗಾದಿ, ಹಂಪಿ, ಯಕ್ಷಗಾನ ಎಂದು ಬರೆಸಿದರು. ನಾನು "ಬರಗಾಲದಲ್ಲಿ ಗಿಡಗಳ ಹಾರ್ಮೋನುಗಳು" ಎಂದು ಬರೆಸಿದೆ. ಮಿಸ್ ಒಂದು ಕ್ಷಣ ಸುಮ್ಮನಿದ್ದು, "ಕನ್ನಡದಲ್ಲಿ ಹೇಳ್ತೀಯಾ?" ಎಂದು ಕೇಳಿದರು. "ಕನ್ನಡದಲ್ಲೇ ಹೇಳಬೇಕು ಮಿಸ್. ಇದನ್ನು ನಾನು ಮೊದಲು ಹೇಳಿದ್ದು ನಮ್ಮ ತಾತನಿಗೆ" ಎಂದೆ. ಆ ಮಾತುಕತೆಯನ್ನೇ ಇವತ್ತು ನಿಮ್ಮ ಮುಂದೆ ಸ್ವಲ್ಪ ಸರಿಮಾಡಿ ಹೇಳುತ್ತೇನೆ. ಕಷ್ಟದ ಪದಗಳು ನಾಲ್ಕೈದು ಬರುತ್ತವೆ. ಅವುಗಳನ್ನು ಕಲಿಯಲು ನನಗೂ ಸಮಯ ಬೇಕಾಯಿತು.

ನಮ್ಮ ತಾತ ಇರುವುದು ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಒಣ ಸೀಮೆ. ರಾಗಿ, ಕಡ್ಲೆಕಾಯಿ ಬೆಳೆಯುತ್ತಾರೆ. ಬೋರ್‌ವೆಲ್‌ನಲ್ಲಿ ನೀರಿದ್ದರೆ ಒಂದಿಷ್ಟು ತರಕಾರಿ. 2023ರ ಬೇಸಿಗೆ ರಜೆಯಲ್ಲಿ ನಾವು ಊರಿಗೆ ಹೋಗಿದ್ದೆವು. ನನಗೆ ಆಗ ಹದಿನಾಲ್ಕು ವರ್ಷ. ತಾತ ಮನೆಯ ಹಿಂದೆ ಟೊಮೆಟೊ ಸಸಿಯ ಮಡಿ ಮಾಡಿದ್ದರು. ಬೆಳಿಗ್ಗೆ ಸಂಜೆ ಅದಕ್ಕೆ ನೀರು ಹಾಕುವ ಕೆಲಸ ನನ್ನದು. ಎರಡು ವಾರ ಹಾಕಿದೆ. ಸಸಿಗಳು ಗೇಣುದ್ದ ಬಂದವು. ಇನ್ನೊಂದು ವಾರದಲ್ಲಿ ಹೊಲಕ್ಕೆ ನಾಟಿ ಎನ್ನುವಾಗ ತಾತ, "ಇನ್ನು ನೀರು ಹಾಕಬ್ಯಾಡ ಕಣವ್ವ" ಎಂದರು.

ಮೂರನೆಯ ದಿನ ಮಧ್ಯಾಹ್ನ ಸಸಿಗಳು ತಲೆ ಬಗ್ಗಿಸಿ ನಿಂತಿದ್ದವು. ನನಗೆ ನೋಡಲು ಆಗಲಿಲ್ಲ. ತಾತ ಮಲಗಿದ್ದ ಹೊತ್ತಿನಲ್ಲಿ ಒಂದು ಕೊಡ ನೀರು ತಂದು ಅರ್ಧ ಮಡಿಗೆ ಹಾಕಿಬಿಟ್ಟೆ. ಎದ್ದು ಬಂದವರೇ ಒದ್ದೆ ಮಣ್ಣು ನೋಡಿದರು. ಬೈಯಲಿಲ್ಲ. "ಇಲ್ಲೇ ಒಂದಿಷ್ಟು ಬಾಯಾರ್ಲಿ ಬಿಡು. ಇಲ್ಲಿ ಕಲೀದಿದ್ರೆ ಹೊಲಕ್ಕೆ ಹೋದ್ಮೇಲೆ ಕಲಿಯಕ್ಕೆ ಟೈಮ್ ಎಲ್ಲೈತೆ?" ಎಂದರು. ಗಿಡ ಕಲಿಯುತ್ತದೆ ಎಂಬ ಮಾತು ನನಗೆ ತಮಾಷೆಯಾಗಿ ಕೇಳಿಸಿತು. ಗಿಡಕ್ಕೆ ಮಿದುಳಿಲ್ಲ, ನರಗಳಿಲ್ಲ. ಏನು ಕಲಿಯುತ್ತದೆ?

ನಾವು ವಾಪಸು ಬಂದ ಮೇಲೆ ಆದದ್ದು ನಿಮ್ಮಲ್ಲಿ ಅನೇಕರಿಗೆ ಊರಿನ ಫೋನ್‌ಗಳಲ್ಲೇ ಗೊತ್ತಾಗಿರುತ್ತದೆ. ಆ ವರ್ಷದ ಆಗಸ್ಟ್, 1901ರಿಂದ ಈಚೆಗೆ ಭಾರತ ಕಂಡ ಅತ್ಯಂತ ಒಣ ಆಗಸ್ಟ್. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ತಾತ ಟೊಮೆಟೊ ನಾಟಿ ಮಾಡಿದ್ದರು. ಅಕ್ಟೋಬರ್‌ನಲ್ಲಿ ಬೋರ್‌ವೆಲ್ ಬರೀ ಗಾಳಿ ಉಗುಳಿತು. ಟ್ಯಾಂಕರ್ ನೀರು ಹತ್ತು ದಿನ ಹಾಕಿಸಿದರು, ಆಮೇಲೆ ನಿಲ್ಲಿಸಿದರು. ಬೆಳೆ ಹೂವಿನಲ್ಲೇ ಹೋಯಿತು.

ಅಂದರೆ ಬಾಯಾರಿಕೆ ಕಲಿಸಿದ ಸಸಿಗಳೂ ಉಳಿಯಲಿಲ್ಲ. ಅಪ್ಪ ಫೋನಿನಲ್ಲಿ ಮಾತಾಡುವಾಗ ತಾತ, "ರಾಗಿ ಹಾಕಿದ್ರೆ ಆಯ್ತಿತ್ತು, ನಂದೇ ತಪ್ಪು" ಎಂದದ್ದು ನನಗೆ ಕೇಳಿಸಿತು. ಆಮೇಲೆ ಅವರು ಫೋನಿನಲ್ಲಿ ಮಾತಾಡುವುದೇ ಕಡಿಮೆಯಾಯಿತು. ಜಮೀನು ಇಟ್ಟುಕೊಳ್ಳುವುದೋ ಕೊಡುವುದೋ ಎಂದು ಅಪ್ಪ ಮತ್ತು ಚಿಕ್ಕಪ್ಪ ರಾತ್ರಿ ಹನ್ನೊಂದರವರೆಗೆ ಮಾತಾಡುತ್ತಿದ್ದರು. ನನಗೆ ಒಂದೇ ಪ್ರಶ್ನೆ. ತಾತ ನೀರು ನಿಲ್ಲಿಸಿದ್ದರಿಂದ ಆ ಸಸಿಗಳಿಗೆ ಏನಾದರೂ ಪ್ರಯೋಜನ ಆಗಿತ್ತೇ, ಇಲ್ಲವೇ?

ಮುಂದಿನ ವರ್ಷ ಶಾಲೆಯಲ್ಲಿ ಬಯಾಲಜಿ ತೆಗೆದುಕೊಂಡಾಗ ಉತ್ತರ ಹುಡುಕಲು ಶುರುಮಾಡಿದೆ.

ಮೊದಲು ಎಲೆಯ ಬಗ್ಗೆ ಹೇಳಬೇಕು. ಎಲೆಯ ಚರ್ಮದಲ್ಲಿ, ಹೆಚ್ಚಾಗಿ ಅಡಿಭಾಗದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿವೆ. ಕನ್ನಡದಲ್ಲಿ ಇವಕ್ಕೆ ಪತ್ರರಂಧ್ರ ಎನ್ನುತ್ತಾರೆ. ಪ್ರತಿ ಬಾಯಿಗೆ ಎರಡು ತುಟಿಗಳ ಹಾಗೆ ಎರಡು ಕಾವಲು ಕೋಶಗಳು. ಅವುಗಳಲ್ಲಿ ನೀರು ತುಂಬಿದರೆ ಉಬ್ಬಿ, ಬಿಲ್ಲಿನ ಹಾಗೆ ಬಾಗಿ, ನಡುವೆ ಬಾಯಿ ತೆರೆಯುತ್ತದೆ. ನೀರು ಹೊರಗೆ ಹೋದರೆ ಸೊರಗಿ ಬಾಯಿ ಮುಚ್ಚುತ್ತದೆ.

ಈ ಬಾಯಿ ತೆರೆದರೆ ಮಾತ್ರ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಒಳಗೆ ಬರುತ್ತದೆ. ಅದರಿಂದಲೇ ಗಿಡ ಬಿಸಿಲಿನಲ್ಲಿ ತನ್ನ ಊಟ ಮಾಡಿಕೊಳ್ಳುವುದು. ಆದರೆ ಅದೇ ಬಾಯಿಯಿಂದ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಬೇರು ಎಳೆದುಕೊಂಡ ನೀರಿನಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಭಾಗ ಹೀಗೆ ಗಾಳಿಗೆ ಹೋಗಿಬಿಡುತ್ತದೆ. ಗಿಡದಲ್ಲಿ ಉಳಿಯುವುದು ಸ್ವಲ್ಪವೇ.

ಹಾಗಾಗಿ ಬರ ಬಂದಾಗ ಗಿಡದ ಮುಂದೆ ಎರಡೇ ದಾರಿ. ಬಾಯಿ ತೆರೆದಿಟ್ಟರೆ ಬಾಯಾರಿಕೆಯಿಂದ ಸಾಯಬಹುದು. ಮುಚ್ಚಿಕೊಂಡರೆ ಹಸಿವು. ಯಾವಾಗ ಮುಚ್ಚಬೇಕು, ಎಷ್ಟು ಮುಚ್ಚಬೇಕು, ಯಾವಾಗ ಮತ್ತೆ ತೆರೆಯಬೇಕು? ಈ ಲೆಕ್ಕವನ್ನು ನಡೆಸುವುದು ಹಾರ್ಮೋನುಗಳು. ಅದರಲ್ಲಿ ಮುಖ್ಯವಾದದ್ದು ಅಬ್ಸಿಸಿಕ್ ಆಮ್ಲ. ಚಿಕ್ಕದಾಗಿ ಎಬಿಎ.

ಎಬಿಎ ಕಥೆ ನಮ್ಮ ಕ್ಯಾಲಿಫೋರ್ನಿಯಾದ್ದೇ. ಇಲ್ಲಿಂದ ಕಾರಿನಲ್ಲಿ ಒಂದೂವರೆ ಗಂಟೆ ದೂರದ ಡೇವಿಸ್‌ನ ವಿಶ್ವವಿದ್ಯಾಲಯದಲ್ಲಿ 1960ರ ದಶಕದ ಆರಂಭದಲ್ಲಿ ಫ್ರೆಡರಿಕ್ ಆಡಿಕಾಟ್ ಮತ್ತು ಅವರ ಸಂಗಡಿಗರು ಹತ್ತಿಯ ಕಾಯಿಗಳು ಯಾಕೆ ಬಲಿಯುವ ಮೊದಲೇ ಉದುರುತ್ತವೆ ಎಂದು ಹುಡುಕುತ್ತಿದ್ದರು. ಉದುರಿಸುವ ವಸ್ತು ಎಂದುಕೊಂಡು ಒಂದನ್ನು ಬೇರ್ಪಡಿಸಿದರು. ಅದೇ ಸಮಯಕ್ಕೆ ಬ್ರಿಟನ್ನಿನ ವೇಲ್ಸ್‌ನಲ್ಲಿ ಫಿಲಿಪ್ ವೇರಿಂಗ್ ಅವರ ತಂಡ ಚಳಿಗಾಲದಲ್ಲಿ ಮರದ ಮೊಗ್ಗುಗಳನ್ನು ಮಲಗಿಸುವ ವಸ್ತುವನ್ನು ಹುಡುಕುತ್ತಿತ್ತು. ನೋಡಿದರೆ ಎರಡೂ ಒಂದೇ. ಎಲೆ, ಕಾಯಿ ಉದುರುವುದಕ್ಕೆ ಇಂಗ್ಲಿಷಿನಲ್ಲಿ ಇರುವ ಪದದಿಂದಲೇ ಹೆಸರು ಇಟ್ಟರು. ಆಮೇಲೆ ಗೊತ್ತಾದದ್ದು, ಉದುರಿಸುವ ಕೆಲಸದಲ್ಲಿ ಮುಖ್ಯ ಪಾತ್ರ ಎಥಿಲೀನ್ ಎಂಬ ಇನ್ನೊಂದು ಹಾರ್ಮೋನಿನದು ಎಂದು. ಬಾಳೆಕಾಯಿಯನ್ನು ಹಣ್ಣು ಮಾಡುವುದೂ ಅದೇ ಎಥಿಲೀನ್. ಎಬಿಎಯ ದೊಡ್ಡ ಕೆಲಸ ಬಾಯಾರಿಕೆಯ ಸುದ್ದಿ ಮುಟ್ಟಿಸುವುದು. ಅಷ್ಟರಲ್ಲಿ ಹೆಸರು ಅಂಟಿಕೊಂಡಿತ್ತು. ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷದ ಚಿಕ್ಕಮ್ಮನನ್ನು ಇನ್ನೂ "ಪಾಪು" ಎಂದು ಕರೆಯುವ ಹಾಗೆ.

ಮಣ್ಣು ಒಣಗಲು ಶುರುವಾದಾಗ ಬೇರಿಗೆ ಮೊದಲು ಗೊತ್ತಾಗುತ್ತದೆ. ಆ ಸುದ್ದಿ ಎಲೆಗೆ ಹೋಗಬೇಕು. ನೀರಿನ ಎಳೆತ ಬದಲಾಗುವುದರಿಂದ ಒಂದಿಷ್ಟು ಗೊತ್ತಾಗುತ್ತದೆ. 2018ರಲ್ಲಿ ಜಪಾನಿನ ವಿಜ್ಞಾನಿಗಳು ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಇನ್ನೊಂದು ದಾರಿಯನ್ನೂ ತೋರಿಸಿದರು. ಬಾಯಾರಿದ ಬೇರು ಒಂದು ಸಣ್ಣ ಪೆಪ್ಟೈಡನ್ನು ಎಲೆಗೆ ಕಳಿಸುತ್ತದೆ. ಅದು ಬಂದು ತಲುಪಿದಾಗ ಎಲೆಯಲ್ಲಿ ಎಬಿಎ ತಯಾರಾಗುವುದು ಹೆಚ್ಚುತ್ತದೆ. ಎಬಿಎಗೆ ಕಚ್ಚಾವಸ್ತು ಕ್ಯಾರೊಟಿನಾಯ್ಡ್‌ಗಳು, ಅಂದರೆ ಕ್ಯಾರೆಟ್ಟಿಗೆ ಬಣ್ಣ ಕೊಡುವ ಗುಂಪಿಗೇ ಸೇರಿದ ವಸ್ತುಗಳು.

ಎಬಿಎ ಇಲ್ಲದಿದ್ದರೆ ಏನಾಗುತ್ತದೆ? ಅದಕ್ಕೂ ಟೊಮೆಟೊ ಗಿಡವೇ ಸಾಕ್ಷಿ. ಫ್ಲಾಕಾ ಎಂಬ ಒಂದು ರೂಪಾಂತರಿತ ಟೊಮೆಟೊ ಇದೆ. ಅದಕ್ಕೆ ಎಬಿಎಯನ್ನು ಸರಿಯಾಗಿ ತಯಾರಿಸಿಕೊಳ್ಳಲು ಬರುವುದಿಲ್ಲ. ಬುಡದಲ್ಲಿ ನೀರಿದ್ದರೂ ಬಾಯಿ ಮುಚ್ಚಲು ತಿಳಿಯದೆ ಅದು ಬಾಡುತ್ತದೆ. ಹೊರಗಿನಿಂದ ಎಬಿಎ ಸಿಂಪಡಿಸಿದರೆ ಚೇತರಿಸಿಕೊಳ್ಳುತ್ತದೆ. ಇದನ್ನು ಓದಿದಾಗ ನನಗೆ ಆಶ್ಚರ್ಯವಾಯಿತು. ನೀರು ಇದ್ದರೆ ಸಾಲದು, ನೀರು ಉಳಿಸು ಎಂದು ಹೇಳುವವರೂ ಬೇಕು.

ಇನ್ನು, ಎಬಿಎ ಬಂದು ಹೇಳಿದ್ದನ್ನು ಕೇಳಿಸಿಕೊಳ್ಳುವವರು ಯಾರು? ಇದಕ್ಕೆ ಉತ್ತರ ಸಿಗಲು ಸುಮಾರು ನಲವತ್ತೈದು ವರ್ಷ ಬೇಕಾಯಿತು. ನಡುವೆ ಸಿಕ್ಕಿತು ಎಂದು ದೊಡ್ಡ ಪತ್ರಿಕೆಯಲ್ಲಿ ಬಂದ ಒಂದು ಪ್ರಬಂಧವನ್ನು 2008ರಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ಮರುವರ್ಷ, 2009ರಲ್ಲಿ, ನಮ್ಮದೇ ರಾಜ್ಯದ ರಿವರ್‌ಸೈಡ್ ವಿಶ್ವವಿದ್ಯಾಲಯದ ಶಾನ್ ಕಟ್ಲರ್ ಅವರ ತಂಡ ಮತ್ತು ಜರ್ಮನಿಯ ಎರ್ವಿನ್ ಗ್ರಿಲ್ ಅವರ ತಂಡ ಬೇರೆ ಬೇರೆಯಾಗಿ ಕೆಲಸ ಮಾಡಿ ಒಂದೇ ಗ್ರಾಹಕ ಪ್ರೋಟೀನುಗಳ ಗುಂಪನ್ನು ಕಂಡುಹಿಡಿದವು. ಅರಬಿಡಾಪ್ಸಿಸ್‌ನಲ್ಲಿ ಇಂಥ ಗ್ರಾಹಕಗಳು ಹದಿನಾಲ್ಕು ಇವೆ.

ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಾತನಿಗೆ ಹೀಗೆ ಹೇಳಿದೆ. ನಮ್ಮ ಮನೆಯಲ್ಲಿ ಕಿಟಕಿ ತೆರೆದಿದೆ ಎಂದುಕೊಳ್ಳಿ. ತಮ್ಮನಿಗೆ ಎದ್ದು ಹೋಗಿ ಕಿಟಕಿ ಮುಚ್ಚುವ ಆಸೆ. ಆದರೆ ಅಮ್ಮ ಅವನ ಭುಜ ಹಿಡಿದು, "ಹೋಮ್‌ವರ್ಕ್ ಮುಗಿಸು" ಎಂದು ಕೂರಿಸಿದ್ದಾರೆ. ಅಷ್ಟರಲ್ಲಿ ಊರಿನಿಂದ ಫೋನ್. ಅಮ್ಮ ಫೋನ್ ಎತ್ತಿಕೊಂಡರೆ ಮುಗಿಯಿತು, ನಿಮಗೆಲ್ಲ ಗೊತ್ತು, ಇನ್ನು ಮುಕ್ಕಾಲು ಗಂಟೆ ಅಮ್ಮ ಸಿಗುವುದಿಲ್ಲ. ತಮ್ಮ ಎದ್ದು ಹೋಗಿ ಕಿಟಕಿ ಮುಚ್ಚುತ್ತಾನೆ. ಇಲ್ಲಿ ಬಂದ ಕರೆ ಎಬಿಎ. ಫೋನು ಗ್ರಾಹಕ ಪ್ರೋಟೀನು. ಅಮ್ಮ ಒಂದು ತಡೆಯುವ ಪ್ರೋಟೀನು. ತಮ್ಮ ಒಂದು ಕಿಣ್ವ. ಅವನು ಬಿಡುಗಡೆಯಾದ ಕೂಡಲೇ ಕಾವಲು ಕೋಶದ ಪೊರೆಯಲ್ಲಿರುವ ಸಣ್ಣ ಕಾಲುವೆಗಳನ್ನು ತೆರೆಯುತ್ತಾನೆ. ಲವಣಗಳು ಹೊರಗೆ ಹರಿಯುತ್ತವೆ, ಅದರ ಹಿಂದೆ ನೀರೂ ಹರಿಯುತ್ತದೆ, ಕೋಶಗಳು ಸೊರಗುತ್ತವೆ, ಪತ್ರರಂಧ್ರ ಮುಚ್ಚುತ್ತದೆ. ಇಷ್ಟೂ ನಡೆಯಲು ಕೆಲವೇ ನಿಮಿಷ ಸಾಕು.

ತಾತ ಎಲ್ಲ ಕೇಳಿಸಿಕೊಂಡು, "ಪಾಪ, ನಿಮ್ಮವ್ವನ್ನ ಯಾಕವ್ವ ಬ್ರೇಕ್ ಮಾಡ್ದೆ" ಎಂದರು. ಅಮ್ಮನಿಗೆ ಈ ಉದಾಹರಣೆ ಇವತ್ತಿಗೂ ಇಷ್ಟವಿಲ್ಲ.

ತಾತ, ಅಜ್ಜಿ ಈ ವರ್ಷ ಜನವರಿಯಲ್ಲಿ ನಮ್ಮ ಮನೆಗೆ ಬಂದಿದ್ದರು. ಅದೇ ಸಮಯಕ್ಕೆ ನನ್ನ ಶಾಲೆಯ ವಿಜ್ಞಾನ ಪ್ರಯೋಗ ನಡೆಯುತ್ತಿತ್ತು. ಎಲ್ಲ ಗಿಡಗಳೂ ಒಂದೇ ಹೊತ್ತಿಗೆ ಬಾಗಿಲು ಮುಚ್ಚುವುದಿಲ್ಲ ಎಂದು ಓದಿದ್ದೆ. ಕೆಲವು ಬಹಳ ಜಾಗ್ರತೆಯವು, ಮಣ್ಣು ಸ್ವಲ್ಪ ಒಣಗಿದರೂ ಮುಚ್ಚುತ್ತವೆ. ಕೆಲವು ಧೈರ್ಯದವು, ಕೊನೆಯವರೆಗೂ ತೆರೆದಿಟ್ಟು ಊಟ ಮಾಡುತ್ತಲೇ ಇರುತ್ತವೆ. ಜಾಗ್ರತೆಯ ಗುಂಪಿಗೆ ಅಲಸಂದೆ, ಧೈರ್ಯದ ಗುಂಪಿಗೆ ಸೂರ್ಯಕಾಂತಿ ಪುಸ್ತಕಗಳಲ್ಲಿ ಬರುವ ಉದಾಹರಣೆಗಳು. ಇಂಡಿಯನ್ ಸ್ಟೋರಿನಿಂದ ಅಲಸಂದೆ ಕಾಳು, ನರ್ಸರಿಯಿಂದ ಸೂರ್ಯಕಾಂತಿ ಬೀಜ ತಂದು ಎಂಟೆಂಟು ಕುಂಡಗಳಲ್ಲಿ ಹಾಕಿ, ಗ್ಯಾರೇಜಿನಲ್ಲಿ ದೀಪದ ಕೆಳಗೆ ಬೆಳೆಸಿದೆ. ಗಿಡಗಳು ದೊಡ್ಡವಾದ ಮೇಲೆ ಮಣ್ಣಿನ ಮೇಲೆ ಪ್ಲಾಸ್ಟಿಕ್ ಮುಚ್ಚಿ, ನೀರು ನಿಲ್ಲಿಸಿ, ದಿನಾ ಸಂಜೆ ಅಡುಗೆಮನೆಯ ತಕ್ಕಡಿಯಲ್ಲಿ ಕುಂಡಗಳನ್ನು ತೂಗುತ್ತಿದ್ದೆ. ಮಣ್ಣಿನಿಂದ ಆವಿ ಹೋಗುವ ಹಾಗಿಲ್ಲ, ಹಾಗಾಗಿ ತೂಕ ಕಡಿಮೆಯಾದಷ್ಟೂ ಎಲೆಗಳಿಂದ ಹೋದ ನೀರು.

ಮೊದಲ ಸಲ ಲೆಕ್ಕ ಎಲ್ಲ ಅಡ್ಡಾದಿಡ್ಡಿ ಬಂತು. ನೀರು ನಿಲ್ಲಿಸಿದ ನಾಲ್ಕನೇ ದಿನ ಸೂರ್ಯಕಾಂತಿ ಕುಂಡಗಳ ತೂಕ ಜಾಸ್ತಿಯಾಗಿತ್ತು! ಎರಡು ದಿನ ತಲೆ ಕೆಡಿಸಿಕೊಂಡೆ. ಮೂರನೇ ದಿನ ಬೆಳಿಗ್ಗೆ ಗ್ಯಾರೇಜಿಗೆ ಹೋದರೆ ಅಜ್ಜಿ ಕೈಯಲ್ಲಿ ಚೊಂಬು. "ಹಂಗೆ ಜೋತು ಬಿದ್ದಿದ್ವು ಕಣವ್ವ, ನೋಡಕ್ಕಾಗ್ಲಿಲ್ಲ" ಎಂದರು. ನಾನು ಏನು ಹೇಳಲಿ? ಎರಡು ವರ್ಷದ ಹಿಂದೆ ಕೊಡ ಹಿಡಿದು ನಿಂತವಳು ನಾನೇ. ಬಾಗಿಲಲ್ಲಿ ನಿಂತಿದ್ದ ತಾತ ತುಂಬಾ ದಿನಗಳ ನಂತರ ಜೋರಾಗಿ ನಕ್ಕರು.

ಎಲ್ಲ ಮತ್ತೆ ಮೊದಲಿನಿಂದ ಶುರು. ಈ ಸಲ ತಾತ ಕಾವಲು. ಅಲಸಂದೆ ಕುಂಡಗಳ ತೂಕ ಮಣ್ಣಿನಲ್ಲಿ ಇನ್ನೂ ತೇವ ಇರುವಾಗಲೇ ನಿಧಾನವಾಗಿ ಇಳಿಯತೊಡಗಿತು. ಎಲೆ ಬಾಡಿರಲಿಲ್ಲ, ಆದರೆ ಹೊಸ ಎಲೆ ಬರುವುದು ನಿಂತಿತ್ತು. ಸೂರ್ಯಕಾಂತಿ ಕುಡಿಯುತ್ತಲೇ ಇತ್ತು, ಕುಡಿಯುತ್ತಲೇ ಇತ್ತು, ಆಮೇಲೆ ಒಂದೇ ದಿನದಲ್ಲಿ ಎಲೆಗಳು ಪೂರ್ತಿ ಜೋತುಬಿದ್ದವು. ಉಗುರಿನ ಬಣ್ಣವನ್ನು ಎಲೆಯ ಅಡಿಗೆ ಹಚ್ಚಿ, ಒಣಗಿದ ಮೇಲೆ ಟೇಪಿನಿಂದ ಎಬ್ಬಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲಸಂದೆಯ ಪತ್ರರಂಧ್ರಗಳು ಬಹುತೇಕ ಮುಚ್ಚಿರುವುದು ಕಂಡಿತು. ಸೂರ್ಯಕಾಂತಿಯ ಎಲೆಯಲ್ಲಿ ರೋಮ ಇರುವುದರಿಂದ ಅಚ್ಚು ಚೆನ್ನಾಗಿ ಬರಲಿಲ್ಲ. ಹಾಗಾಗಿ ಅದಕ್ಕೆ ತೂಕದ ಲೆಕ್ಕವನ್ನೇ ನಂಬಿದೆ. ಎಬಿಎಯನ್ನು ಅಳೆಯುವ ಉಪಕರಣ ಹೈಸ್ಕೂಲಿನಲ್ಲಿ ಇಲ್ಲ. ನಾನು ನೋಡಿದ್ದು ಅದರ ಕೆಲಸವನ್ನು ಮಾತ್ರ.

ಸೂಕ್ಷ್ಮದರ್ಶಕ ನೋಡುವ ಮೊದಲೇ ತಾತ ಒಂದು ಮಾತು ಹೇಳಿದ್ದರು. "ಅಲಸಂದೆ ನೋಡಕ್ಕೆ ಚೆಂದಾಗಿರ್ತದೆ. ಆದ್ರೆ ಬೆಳೆಯಾದು ನಿಲ್ಲಿಸಿರ್ತದೆ. ಉಪವಾಸ ಕೂತಂಗೆ ಅದು." ನಾನು ಮೂರು ವಾರ ತೂಗಿ ಬರೆದ ಫಲಿತಾಂಶ ಇದೇ.

ಹಾಗಾದರೆ ಯಾವ ಗಿಡ ಜಾಣ? ಇದಕ್ಕೆ ಒಂದೇ ಉತ್ತರ ಇಲ್ಲ. ಹತ್ತು ದಿನದಲ್ಲಿ ಮಳೆ ಬರುವುದಾದರೆ ಧೈರ್ಯದ ಗಿಡ ಗೆದ್ದಿತು, ಅದು ಆ ಹತ್ತು ದಿನವೂ ಊಟ ಮಾಡಿ ಬೆಳೆದಿರುತ್ತದೆ. ನಲವತ್ತು ದಿನ ಮಳೆ ಬರದಿದ್ದರೆ ಜಾಗ್ರತೆಯ ಗಿಡ ಗೆಲ್ಲುತ್ತದೆ, ಆದರೆ ಇಳುವರಿ ಕಡಿಮೆ. ಎಬಿಎ ಜಾಸ್ತಿಯಾದಷ್ಟೂ ಒಳ್ಳೆಯದು ಎಂದೂ ಇಲ್ಲ. ಗೋಧಿಯಲ್ಲಿ ಪರಾಗ ತಯಾರಾಗುವ ಹೊತ್ತಿಗೆ ನೀರಿನ ಕೊರತೆಯಾಗಿ ಎಬಿಎ ಏರಿದರೆ ಪರಾಗ ಜೊಳ್ಳಾಗಿ ಕಾಳು ಕಟ್ಟುವುದಿಲ್ಲ. ಹುಲ್ಲು ಉಳಿಯುತ್ತದೆ, ತೆನೆ ಖಾಲಿ. ಹಸುವಿಗೆ ಮೇವಾಯಿತು, ಮನುಷ್ಯರಿಗೆ ಊಟ ಇಲ್ಲ.

ವಿಜ್ಞಾನಿಗಳು ಈ ಬಾಗಿಲನ್ನು ನಮಗೆ ಬೇಕಾದಾಗ ಮುಚ್ಚಿಸಲು ಸಾಧ್ಯವೇ ಎಂದು ಹುಡುಕುತ್ತಿದ್ದಾರೆ. ಎಬಿಎಯನ್ನೇ ಸಿಂಪಡಿಸಬಹುದು, ಆದರೆ ಬಿಸಿಲಿಗೆ ಅದು ಬೇಗ ಕೆಡುತ್ತದೆ. 2015ರಲ್ಲಿ ಕಟ್ಲರ್ ತಂಡ ಗ್ರಾಹಕ ಪ್ರೋಟೀನನ್ನೇ ಸ್ವಲ್ಪ ಬದಲಾಯಿಸಿ, ರೈತರು ಈಗಾಗಲೇ ಅಂಗಮಾರಿ ರೋಗಕ್ಕೆ ಬಳಸುವ ಒಂದು ಶಿಲೀಂಧ್ರನಾಶಕವನ್ನೇ ಅದು ಎಬಿಎ ಎಂದು ತಿಳಿಯುವಂತೆ ಮಾಡಿತು. ಫೋನು ಅದೇ, ಬೇರೆ ನಂಬರಿನ ಕರೆಗೂ ರಿಂಗಾಗುವ ಹಾಗೆ. ಟೊಮೆಟೊ ಗಿಡದಲ್ಲೂ ಅದು ಕೆಲಸ ಮಾಡಿತು. 2019ರಲ್ಲಿ ಒಪಾಬ್ಯಾಕ್ಟಿನ್ ಎಂಬ, ಗ್ರಾಹಕಕ್ಕೆ ಎಬಿಎಗಿಂತಲೂ ಬಲವಾಗಿ ಅಂಟಿಕೊಳ್ಳುವ ಅಣುವನ್ನು ಅವರು ತಯಾರಿಸಿದರು.

ರಾಸಾಯನಿಕವೇ ಇಲ್ಲದ ಉಪಾಯವೂ ಇದೆ. ಆಸ್ಟ್ರೇಲಿಯಾದ ದ್ರಾಕ್ಷಿ ತೋಟಗಳಲ್ಲಿ 1990ರ ದಶಕದಲ್ಲಿ ಇದನ್ನು ರೂಪಿಸಿದರು. ಬಳ್ಳಿಯ ಒಂದು ಬದಿಯ ಬೇರಿಗೆ ಮಾತ್ರ ನೀರು ಕೊಡುವುದು, ಇನ್ನೊಂದು ಬದಿ ಒಣಗಲು ಬಿಡುವುದು, ಕೆಲವು ದಿನಗಳ ನಂತರ ಬದಿ ಬದಲಿಸುವುದು. ಒಣಗಿದ ಬದಿಯ ಬೇರಿನಿಂದ ಎಬಿಎ ಮೇಲೆ ಹೋಗಿ ಪತ್ರರಂಧ್ರಗಳು ಅರ್ಧ ಮುಚ್ಚುತ್ತವೆ. ಒದ್ದೆ ಬದಿಯ ಬೇರು ನೀರು ಕೊಡುತ್ತಿರುವುದರಿಂದ ಬಳ್ಳಿ ಬಾಡುವುದಿಲ್ಲ. ಎಲೆಯ ಅಬ್ಬರ ಕಡಿಮೆಯಾಗಿ, ಇಳುವರಿ ಹೆಚ್ಚು ಬೀಳದೆ, ನೀರು ಉಳಿಯುತ್ತದೆ.

ಇದನ್ನು ಕೇಳಿದಾಗ ತಾತ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಅರ್ಧ ಮಡಿಗೆ ನೀರು ಹಾಕಿದ್ಯಲ್ಲ ನೀನು, ಅವತ್ತೇ ಕಂಡುಹಿಡಿದಿದ್ದೆ ಬಿಡು" ಎಂದರು.

ಕೊನೆಗೆ ನನ್ನ ಪ್ರಶ್ನೆಗೆ ಬಂದೆ. ಗಿಡ ಕಲಿಯುತ್ತದೆಯೇ? 2012ರಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅರಬಿಡಾಪ್ಸಿಸ್ ಗಿಡಗಳನ್ನು ಒಣಗಿಸಿ, ನೀರು ಕೊಟ್ಟು, ಮತ್ತೆ ಒಣಗಿಸಿ ನೋಡಿದರು. ಒಮ್ಮೆ ಬಾಯಾರಿ ಚೇತರಿಸಿಕೊಂಡ ಗಿಡಗಳು ಮುಂದಿನ ಸಲ ನೀರನ್ನು ನಿಧಾನವಾಗಿ ಕಳೆದುಕೊಂಡವು. ಬರಕ್ಕೆ ಸಂಬಂಧಿಸಿದ ಕೆಲವು ಜೀನುಗಳು ಎರಡನೇ ಸಲ ಹೆಚ್ಚು ಜೋರಾಗಿ ಕೆಲಸ ಮಾಡಿದವು. ಆದರೆ ಈ ನೆನಪು ಇರುವುದು ಕೆಲವು ದಿನಗಳು ಮಾತ್ರ.

ತಾತನಿಗೆ ಇದನ್ನು ಹೇಳುವ ಮೊದಲು ನಾನು ಸ್ವಲ್ಪ ಹೆದರಿದ್ದೆ. ಆ ಬೆಳೆಯ ವಿಷಯವನ್ನು ಯಾರೂ ಅವರ ಮುಂದೆ ಎತ್ತುತ್ತಿರಲಿಲ್ಲ. ಆದರೂ ಹೇಳಿದೆ: "ತಾತ, ನೀವು ಸಸಿಗೆ ನೀರು ನಿಲ್ಲಿಸಿದ್ದು ಸರಿ. ಅದರಿಂದ ಸಸಿಗೆ ಬಲ ಬಂದಿರುತ್ತೆ. ಆದರೆ ಈ ಹಾರ್ಮೋನು ನೀರನ್ನು ಮಾಡಲ್ಲ. ಮಳೆ ಬರೋವರೆಗೆ ಕಾಯಲು ಗಿಡಕ್ಕೆ ಸ್ವಲ್ಪ ಸಮಯ ಕೊಡುತ್ತೆ, ಅಷ್ಟೇ. ಆ ಸಮಯದೊಳಗೆ ನೀರು ಬರಬೇಕಿತ್ತು. ಬರಲಿಲ್ಲ."

ತಾತ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಹಂಗಾದ್ರೆ ತಪ್ಪು ಸಸೀದೂ ಅಲ್ಲ ಅನ್ನು" ಎಂದರು. "ನಿಮ್ಮದೂ ಅಲ್ಲ" ಎಂದೆ. ಅದಕ್ಕೆ ಅವರು ಒಪ್ಪಲಿಲ್ಲ. "ಟೊಮೆಟೊ ಹಾಕಿದ್ದು ನಾನೇ ಅಲ್ವಾ?" ಎಂದರು. ಆದರೆ ಅವತ್ತು ಸಂಜೆ ಅಪ್ಪನ ಜೊತೆ ಜಮೀನಿನ ಮಾತನ್ನು ಅವರೇ ಎತ್ತಿದರು. ಒಂದೂವರೆ ವರ್ಷದಲ್ಲಿ ಅದೇ ಮೊದಲು.

ಈಗ ತಾತ, ಅಜ್ಜಿ ಊರಿನಲ್ಲಿದ್ದಾರೆ. ಈ ಮುಂಗಾರಿಗೆ ಅರ್ಧ ಹೊಲಕ್ಕೆ ರಾಗಿ, ಜೊತೆಗೆ ಅಕ್ಕಡಿಗೆ ಅಲಸಂದೆ ಹಾಕುತ್ತೇನೆ ಎಂದಿದ್ದಾರೆ. ಇನ್ನರ್ಧದ ಬಗ್ಗೆ ಅಪ್ಪ, ಚಿಕ್ಕಪ್ಪ ಇನ್ನೂ ಮಾತಾಡುತ್ತಿದ್ದಾರೆ. ಅದು ಏನಾಗುತ್ತದೋ ನನಗೆ ತಿಳಿಯದು. ರಾಗಿಯ ಎಲೆಯಲ್ಲಿ ಇಂಗಾಲದ ಡೈಆಕ್ಸೈಡನ್ನು ಒಂದು ಕಡೆ ಒಟ್ಟು ಮಾಡಿ ಬಳಸುವ ವ್ಯವಸ್ಥೆ ಇದೆ. ಹಾಗಾಗಿ ಬಾಯಿ ಅರ್ಧ ಮುಚ್ಚಿದ್ದರೂ ಅದಕ್ಕೆ ಊಟ ಸಿಗುತ್ತದೆ. ಮಳೆ ಕೈಕೊಟ್ಟಾಗ ಸುಮ್ಮನೆ ನಿಂತು, ಬಂದಾಗ ಮತ್ತೆ ಚಿಗುರುವ ಗುಣವೂ ಇದೆ. 2017ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ತಂಡವು ಎಂಎಲ್-365 ಎಂಬ ಬರ ತಡೆಯುವ ರಾಗಿ ತಳಿಯ ಜೀನೋಮನ್ನು ಓದಿ ಪ್ರಕಟಿಸಿತು. ಅದರಲ್ಲಿ ಬರ ತಡೆಯುವ ಜೀನುಗಳು ಯಾವುವು, ಹೇಗೆ ಕೆಲಸ ಮಾಡುತ್ತವೆ ಎಂದು ಹುಡುಕಲು ಇನ್ನೂ ತುಂಬಾ ಇದೆ. ಕಾಲೇಜಿನಲ್ಲಿ ನಾನು ಸಸ್ಯವಿಜ್ಞಾನ ಓದಬೇಕು ಎಂದುಕೊಂಡಿದ್ದೇನೆ. ಅಪ್ಪ ಇನ್ನೂ "ಕಂಪ್ಯೂಟರ್ ಸೈನ್ಸ್ ಜೊತೆಗೆ" ಎನ್ನುತ್ತಿದ್ದಾರೆ. ಅಪ್ಪ, ಎಲ್ಲರ ಮುಂದೆ ಹೇಳಿಬಿಟ್ಟಿದ್ದೇನೆ, ಮನೆಗೆ ಹೋಗಿ ಮಾತಾಡೋಣ.

ನೀರಿನ ವಿಷಯ ಊರಿನದು ಮಾತ್ರ ಎಂದು ನಾವು ಇಲ್ಲಿ ಕೂತು ಹೇಳುವ ಹಾಗಿಲ್ಲ. 2015ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಪಟ್ಟಣಗಳ ನೀರಿನ ಬಳಕೆಯನ್ನು ಶೇಕಡ 25ರಷ್ಟು ಕಡಿಮೆ ಮಾಡಬೇಕೆಂದು ಆಗಿನ ಗವರ್ನರ್ ಆದೇಶ ಹೊರಡಿಸಿದ್ದರು. ನನಗೆ ಆಗ ಆರು ವರ್ಷ. ನಮ್ಮ ಮನೆಯ ಮುಂದಿನ ಹುಲ್ಲು ಕಂದಾಗಿದ್ದು, ಅಕ್ಕಿ ತೊಳೆದ ನೀರನ್ನು ಅಮ್ಮ ಕರಿಬೇವಿನ ಗಿಡಕ್ಕೆ ಹಾಕುತ್ತಿದ್ದದ್ದು ನೆನಪಿದೆ. ಅಮೆರಿಕದಲ್ಲಿ ಸಾಸ್ ಮತ್ತು ಪೇಸ್ಟ್‌ಗೆ ಹೋಗುವ ಟೊಮೆಟೊದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಬೆಳೆಯುವುದು ಈ ರಾಜ್ಯದಲ್ಲಿ. ಇಲ್ಲಿಯ ಟೊಮೆಟೊ ರೈತನೂ ನಮ್ಮ ತಾತನೂ ಆಕಾಶ ನೋಡುವುದು ಒಂದೇ ರೀತಿ.

ಮುಗಿಸುವ ಮೊದಲು ಪೋಷಕರಿಗೂ ಗುರುಗಳಿಗೂ ಒಂದು ಮಾತು. ಈ ಪ್ರಯೋಗದ ವರದಿಯನ್ನು ನಾನು ಇಂಗ್ಲಿಷಿನಲ್ಲಿ ಎರಡು ದಿನದಲ್ಲಿ ಬರೆದೆ. ತಾತನಿಗೆ ಕನ್ನಡದಲ್ಲಿ ಹೇಳಲು ಮೂರು ವಾರ ಬೇಕಾಯಿತು. ನನಗೆ ಗೊತ್ತಿದ್ದ ಕನ್ನಡ ಊಟ ಮಾಡು, ಬೇಗ ಏಳು, ಶೂ ಬಿಚ್ಚು, ಹಬ್ಬ, ಹಾಡು ಇಷ್ಟು. ಪತ್ರರಂಧ್ರ, ಕಾವಲು ಕೋಶ, ಗ್ರಾಹಕ ಎಂಬ ಪದಗಳನ್ನು ನಮ್ಮ ಮಿಸ್ ಹುಡುಕಿಕೊಟ್ಟರು. ಒಂದು ಶನಿವಾರ ಕ್ಲಾಸ್ ಮುಗಿದ ಮೇಲೂ ಪಾರ್ಕಿಂಗ್ ಲಾಟ್‌ನಲ್ಲಿ ನಿಂತು ನನ್ನ ವಾಕ್ಯಗಳನ್ನು ತಿದ್ದಿದರು. ಅಮ್ಮ ಕಾರಿನಲ್ಲಿ ಮುಕ್ಕಾಲು ಗಂಟೆ ಕಾದರು, ಫೋನಿನಲ್ಲಿ ಮಾತಾಡುತ್ತಾ. ಆ ಕನ್ನಡ ಇಲ್ಲದಿದ್ದರೆ ತಾತ ತಮ್ಮ ಮಾತನ್ನು ನನಗೆ ಹೇಳುತ್ತಿರಲಿಲ್ಲ, ನಾನು ಓದಿದ್ದು ಅವರಿಗೆ ಮುಟ್ಟುತ್ತಿರಲಿಲ್ಲ.

ಅದಕ್ಕೇ ನನ್ನ ಕೋರಿಕೆ. ನಮ್ಮ ತಮ್ಮ ತಂಗಿಯರ ಜೊತೆ ಊಟ ತಿಂಡಿಯ ಮಾತಷ್ಟೇ ಅಲ್ಲದೆ ಅವರು ಶಾಲೆಯಲ್ಲಿ ಕಲಿತ ವಿಷಯವನ್ನೂ ಕನ್ನಡದಲ್ಲಿ ಕೇಳಿ. ತಡವರಿಸುತ್ತಾರೆ, ಅರ್ಧ ಇಂಗ್ಲಿಷ್ ಸೇರಿಸುತ್ತಾರೆ. ನಾನೂ ತಡವರಿಸಿದೆ. ಕೂಡಲೇ ಚೊಂಬು ಹಿಡಿದು ಓಡಿಬಂದು ಪದ ಹೇಳಿಕೊಡಬೇಡಿ, ಸ್ವಲ್ಪ ಹೊತ್ತು ಹುಡುಕಲಿ. ಸಿಗದಿದ್ದರೆ ಆಮೇಲೆ ಹೇಳಿಕೊಡಿ.

ಹನ್ನೊಂದು ವರ್ಷ ನನಗೆ ಕಲಿಸಿದ ಎಲ್ಲ ಗುರುಗಳಿಗೂ, ಅಪ್ಪ ಅಮ್ಮನಿಗೂ, ಕುಂಡಗಳಿಗೆ ನೀರು ಹಾಕಿದ ಅಜ್ಜಿಗೂ, ಹಾಕಬೇಡ ಎಂದ ತಾತನಿಗೂ ನನ್ನ ನಮಸ್ಕಾರಗಳು.